ಬಾಗಿಲ ಸಂದಿಯ ಚಳಿ

ಹೋದ ತಿಂಗಳು ಅಕ್ಕನ ಮಗಳ ಮಗುವನ್ನು ನೋಡಲು ಹಾರಂಗಿ ಪಕ್ಕದ ನಮ್ಮೂರಿಗೆ ಹೋಗಿದ್ದೆ. ತಾಯಿಗೂ ಮಗುವಿಗೂ ಆಗತಾನೇ ನೀರು ಹಾಕಿ ಆಗಿತ್ತು. ಅಕ್ಕ ಬಚ್ಚಲ ಒಲೆಯಿಂದ ಕೆಂಡ ಎಳೆದು ಅಗ್ಗಿಷ್ಟಿಕೆಗೆ ತುಂಬಿ, ಮೇಲೆ ಸಾಂಬ್ರಾಣಿ ಪುಡಿ ಉದುರಿಸಿ, ಬಾಣಂತಿಯ ಕೋಣೆಯೊಳಗೆ ತಂದಿಟ್ಟಳು. ಕಿಟಕಿ ಮೊದಲೇ ಮುಚ್ಚಿತ್ತು. ಅವಳು ಬಾಗಿಲನ್ನೂ ಹಾಕಿ, ಅದರ ಅಡಿಯ ಸಂದಿಗೆ ಹಳೇ ಟವೆಲ್ಲೊಂದನ್ನು ಮಡಚಿ ಕಾಲಿನಿಂದ ಒತ್ತಿದಳು. ಹೊಗೆ ಮೆಲ್ಲಗೆ ಮೇಲೆದ್ದು ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಎದ್ದು ಟವೆಲ್ ಕಿತ್ತು ಬಾಗಿಲು ತೆರೆದೆ.

"ಗಾಳಿ ಬತ್ತದೆ ಕಣೆ. ಮಗೀಗೆ ಥಂಡಿ ಆಯ್ತದೆ," ಎಂದಳು ಅಕ್ಕ.

"ಹಾಗಾದ್ರೆ ಕೆಂಡ ಆಚೆ ಇಡು. ಎರಡೂ ಒಟ್ಟಿಗೆ ಬೇಡ."

ಅಕ್ಕ ನನ್ನ ಮುಖ ನೋಡಿದಳು. ಅಗ್ಗಿಷ್ಟಿಕೆಯನ್ನು ಎತ್ತಿ ಹಿತ್ತಲಿಗೆ ಒಯ್ದಳು. ಬಾಣಂತಿ ಹುಡುಗಿಗೆ ಏನೂ ಅರ್ಥವಾಗಲಿಲ್ಲ. "ಚಿಕ್ಕಮ್ಮಂಗೆ ಏನಾಯ್ತಮ್ಮ?" ಎಂದು ಕೇಳಿದ್ದು ನನಗೆ ಕೇಳಿಸಿತು. ಅಕ್ಕ ಏನು ಹೇಳಿದಳೋ ಗೊತ್ತಿಲ್ಲ. ನಾನು ಜಗುಲಿಗೆ ಬಂದು ಕೂತಿದ್ದೆ. ಹುದಿಕೇರಿ ಕಡೆ ಕಳೆದ ಆ ಒಂದು ಚಳಿಗಾಲ ಇಡಿಯಾಗಿ ಎದ್ದು ಬಂದು ಪಕ್ಕದಲ್ಲಿ ಕೂತ ಹಾಗಿತ್ತು.

ಆ ವರ್ಷದ ಬೇಸಿಗೆಯಲ್ಲಿ ರಘು ಅವರೂ ನಾನೂ ಕೋರ್ಟಿನಲ್ಲಿ ಸಹಿ ಹಾಕಿ ಬೇರೆಯಾಗಿದ್ದೆವು. ಜಗಳವಿರಲಿಲ್ಲ, ಕೂಗಾಟವಿರಲಿಲ್ಲ. ಒಂದೇ ಮನೆಯಲ್ಲಿದ್ದು ಮಾತು ಕಡಿಮೆಯಾಗುತ್ತ ಆಗುತ್ತ, ಕೊನೆಗೆ ಗ್ಯಾಸ್ ಮುಗಿದಿದೆ, ಹಾಲಿನವನು ಬಂದಿದ್ದ ಎಂಬಷ್ಟೇ ಉಳಿದಿತ್ತು. ಮಕ್ಕಳಿರಲಿಲ್ಲ. ಸಹಿ ಹಾಕಿದ ದಿನ ಇಬ್ಬರೂ ಒಂದೇ ಹೋಟೆಲಿನಲ್ಲಿ ಕಾಫಿ ಕುಡಿದು, ಬೇರೆ ಬೇರೆ ಬಸ್ಸು ಹತ್ತಿದೆವು. ಜಗಳವಾಡಿ ಬಂದಿದ್ದರೆ ಊರಿನವರಿಗೆ ಹೇಳಲು ಒಂದು ಕಾರಣವಾದರೂ ಇರುತ್ತಿತ್ತು. ಕುಶಾಲನಗರದ ಸಂತೆಯಲ್ಲಿ, ಮದುವೆ ಮನೆಗಳಲ್ಲಿ, ಕಂಡಕಂಡವರೆಲ್ಲ "ಯಾಕಮ್ಮ, ಏನಾಯ್ತು?" ಎನ್ನುವವರೇ. ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವ ನನಗೆ ಆ ಪ್ರಶ್ನೆಗೊಂದು ಸರಿಯಾದ ವಾಕ್ಯ ಸಿಗಲಿಲ್ಲ. ವರ್ಗಾವಣೆ ಕೇಳಿ, ಜಿಲ್ಲೆಯ ಆ ತುದಿಯ ಶಾಲೆಯೊಂದನ್ನು ಆರಿಸಿಕೊಂಡೆ.

ಒಂದೇ ಜಿಲ್ಲೆಯಾದರೂ ನಮ್ಮ ಕಡೆಯವರಿಗೆ ಅದು ಬೇರೆ ಸೀಮೆ. ಹಾಸನದಿಂದ ಬಂದು ನೆಲೆಸಿದ ನಮ್ಮಜ್ಜನ ಹೊಲ ಸಪಾಟು ನೆಲ. ಜೋಳ, ಶುಂಠಿ, ಕಾಲುವೆ ನೀರು. ಅಂಗಳದಲ್ಲಿ ನಿಂತು ಕೂಗಿದರೆ ಐದಾರು ಮನೆಗೆ ಕೇಳುತ್ತದೆ. ಹುದಿಕೇರಿಯ ಆಚೆ ಹಾಗಲ್ಲ. ಒಂದು ಮನೆಗೂ ಇನ್ನೊಂದಕ್ಕೂ ನಡುವೆ ಇಡೀ ಒಂದು ಎಸ್ಟೇಟ್ ಇರುತ್ತದೆ. ಬೆಳಿಗ್ಗೆ ಯಾರ ಮನೆಯ ಒಲೆಯ ಹೊಗೆಯೂ ಕಾಣುವುದಿಲ್ಲ, ಮಂಜು ಮಾತ್ರ.

ನನಗೆ ಸಿಕ್ಕಿದ್ದು ತೋಟವೊಂದರ ಲೆಕ್ಕ ಬರೆಯುವ ರೈಟರ್ ಇರುತ್ತಿದ್ದ ಹಳೆಯ ಕ್ವಾರ್ಟರ್ಸು. ಒಂದೇ ಸೂರಿನಡಿ ಎರಡು ಮನೆ, ನಡುವೆ ಒಂದು ಗೋಡೆ. ಆ ಬದಿಯಲ್ಲಿ ನೀಲಮ್ಮ ಎಂಬ ಕೊಡವ ಹೆಂಗಸು ಇದ್ದರು, ಎಲ್ಲರಿಗೂ ನೀಲಕ್ಕ. ಮಿಲಿಟರಿ ಆಸ್ಪತ್ರೆಗಳಲ್ಲಿ ನರ್ಸ್ ಆಗಿದ್ದು ನಿವೃತ್ತರಾದವರು. ಮದುವೆಯಾಗಿರಲಿಲ್ಲ. ತೋಟ ಅವರ ಅಣ್ಣನದು. ಎತ್ತರದ ಆಳು, ಕತ್ತರಿಸಿದ ಬೆಳ್ಳಿ ಕೂದಲು, ಸೀರೆಯ ಮೇಲೆ ಗಂಡಸರ ಸ್ವೆಟರು. ಮಾತು ಕನ್ನಡದಲ್ಲಿ ಶುರುವಾದರೆ ಕೊಡವ ತಕ್ಕಿನಲ್ಲಿ ಹೊರಳಿ ಹಿಂದಿಯಲ್ಲಿ ಮುಗಿಯುತ್ತಿತ್ತು. ನಾನು ಹೋದ ದಿನವೇ ಕೇಳಿದ್ದರು:

"ಟೀಚರೇ, ಯಜಮಾನರು ಯಾವಾಗ ಬರ್ತಾರೆ?"

"ಬರೋದಿಲ್ಲ."

"ಹಾಗಾ? ಒಳ್ಳೇದು. ಬಿಸಿನೀರಿನ ಹಂಡೆ ಸ್ವಲ್ಪ ಸೋರ್ತದೆ, ನೋಡಿಕೊಳ್ಳಿ," ಎಂದು ಹೊರಟುಹೋಗಿದ್ದರು.

ಅಷ್ಟಕ್ಕೇ ನಾನು ಅವರಿಂದ ದೂರವಾದೆ. ಇವತ್ತು ಯಜಮಾನರ ಬಗ್ಗೆ ಕೇಳಿದವರು ನಾಳೆ ಉಳಿದದ್ದನ್ನೂ ಕೇಳುತ್ತಾರೆ ಎಂದುಕೊಂಡೆ. ಅವರು ಕಿತ್ತಳೆ ತಂದುಕೊಟ್ಟರೆ ಬಾಗಿಲಲ್ಲೇ ಇಸಿದುಕೊಳ್ಳುತ್ತಿದ್ದೆ. ಅವರ ಸುಗ್ಗಿಹಬ್ಬ ಪುತ್ತರಿಯ ದಿನ ಕರೆದರೆ ತಲೆನೋವು ಎಂದೆ. ದೂರದಲ್ಲಿ ಕದಿರು ತೆಗೆಯುವಾಗ ಹಾರಿಸಿದ ಕೋವಿಯ ಸದ್ದನ್ನು ಒಳಗೆ ಕೂತೇ ಕೇಳಿದೆ.

ಪುತ್ತರಿ ಕಳೆದದ್ದೇ ಚಳಿ ಬಿತ್ತು. ಮಳೆಗಾಲವನ್ನು ಹೇಗೋ ತಳ್ಳಿದ್ದ ನನಗೆ ಆ ಚಳಿ ಹೊಸದು. ಬ್ರಹ್ಮಗಿರಿಯ ಕಡೆಯಿಂದ ಇಳಿದ ಗಾಳಿ ಗದ್ದೆಯ ಮೇಲೆ ಹಾದು ಸೀದಾ ನಮ್ಮ ಬಾಗಿಲಿಗೇ ಬರುತ್ತಿತ್ತು. ಹೊಸ್ತಿಲಿನ ಮರಕ್ಕೆ ಗೆದ್ದಲು ಹಿಡಿಯಿತೆಂದು ಯಾರೋ ಕಿತ್ತುಹಾಕಿದ್ದರಿಂದ ಬಾಗಿಲ ಅಡಿಯಲ್ಲಿ ಕೈ ತೂರುವಷ್ಟು ಸಂದಿ. ಒಳಗಿನ ಮಲಗುವ ಕೋಣೆಯ ಬಾಗಿಲೂ ಹಾಗೆಯೇ. ಗಾಳಿ ನೆಲದ ಮೇಲೆ ಹರಿದುಬಂದು ಮೊದಲು ಪಾದಕ್ಕೆ ತಾಗುತ್ತಿತ್ತು. ಉಲ್ಲನ್ ಸಾಕ್ಸ್ ಹಾಕಿದರೂ ಬಿಡುತ್ತಿರಲಿಲ್ಲ. ಉತ್ತರಪತ್ರಿಕೆ ತಿದ್ದಲು ಕೂತರೆ ಬೆರಳು ಮರಗಟ್ಟುತ್ತಿತ್ತು. ಆ ಮನೆಯಲ್ಲಿ ನನ್ನ ಬಳಿಗೆ ಕೇಳದೆ ಬರುತ್ತಿದ್ದುದು ಆ ಗಾಳಿಯೊಂದೇ.

ಅದನ್ನು ತಡೆಯುವುದೇ ನನ್ನ ಕೆಲಸವಾಯಿತು. ಮೊದಲು ಗೋಣಿಚೀಲ ಮಡಚಿ ಇಟ್ಟೆ, ಬಾಗಿಲು ತೆರೆದಾಗಲೆಲ್ಲ ಅದು ಜಾರಿ ಮೂಲೆಗೆ ಸೇರುತ್ತಿತ್ತು. ಪೇಪರ್ ಸುರುಳಿ ಸುತ್ತಿ ತುರುಕಿದೆ, ಇಬ್ಬನಿಗೆ ನೆನೆದು ಮುದ್ದೆಯಾಯಿತು. ಹಳೆ ಪ್ಯಾಂಟಿನ ಕಾಲಿನಷ್ಟು ಉದ್ದದ ಚೀಲ ಹೊಲಿದು ಭತ್ತದ ಹೊಟ್ಟು ತುಂಬಿದೆ, ಇಲಿ ಬಂದು ಕಚ್ಚಿ ಹೊಟ್ಟನ್ನೆಲ್ಲ ಮನೆ ತುಂಬ ಹರಡಿತು. ಹುದಿಕೇರಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ ಮಲಯಾಳಿ ಹೆಂಗಸು ಲೀಲಾ ಹತ್ತಿರ ಚೂರುಬಟ್ಟೆ ಕೇಳಲು ಹೋದಾಗ ಅವಳು ನಕ್ಕು, "ಒಂದು ಕಡೆ ಇಟ್ಟರೆ ನಿಲ್ಲೂದಿಲ್ಲ ಟೀಚರ್. ಎರಡು ಕೊಳವೆ ಹೊಲಿದು ನಡುವಿಗೆ ಪಟ್ಟಿ ಕೊಡ್ತೇನೆ. ಒಂದು ಒಳಗೆ, ಒಂದು ಹೊರಗೆ. ಪಟ್ಟಿ ಬಾಗಿಲ ಅಡಿಗೆ. ಬಾಗಿಲು ಹೋದ ಕಡೆ ಅದೂ ಹೋಗ್ತದೆ," ಎಂದಳು. ಚೂರುಬಟ್ಟೆಯನ್ನೇ ಗಟ್ಟಿಯಾಗಿ ತುಂಬಿ, ಎರಡೂ ಬಾಗಿಲಿಗೆ ಆಗುವಂತೆ ಹೊಲಿದುಕೊಟ್ಟಳು.

ಅದನ್ನು ತೊಡಿಸಿದ ಸಂಜೆ ನೀಲಕ್ಕ ಜಗುಲಿಯಲ್ಲಿ ನಿಂತು ನೋಡಿದರು.

"ಎಂತ ಟೀಚರೇ ಇದು? ಬಾಗಿಲಿಗೆ ಬಾಣಂತನ ಮಾಡ್ತಾ ಇದ್ದೀರಾ?"

ನನಗೂ ನಗು ಬಂತು. ನಕ್ಕರೆ ಮಾತು ಮುಂದುವರಿಯುತ್ತದೆಂದು ತಡೆದುಕೊಂಡೆ.

ಆಮೇಲೆ ಅದೊಂದು ಹುಚ್ಚಿನಂತೆ ಹಿಡಿಯಿತು. ಬಾಗಿಲಾದ ಮೇಲೆ ಕಿಟಕಿಯ ಚೌಕಟ್ಟು. ಕಿಟಕಿಯಾದ ಮೇಲೆ ಅದರ ಮೇಲಿನ ಗವಾಕ್ಷಿ, ಅದಕ್ಕೂ ಕಾಗದ ಅಂಟಿಸಿದೆ. ಶಾಲೆಯಿಂದ ಬಂದವಳೇ ಊದುಬತ್ತಿ ಹಚ್ಚಿ ಹಿಡಿದು, ಹೊಗೆ ಎಲ್ಲಿ ಓರೆಯಾಗುತ್ತದೆಂದು ಗೋಡೆಗುಂಟ ನೋಡುತ್ತಿದ್ದೆ. ಹೊಗೆ ಅಲುಗಿದಲ್ಲಿ ಒಂದು ಸಂದಿ. ಆ ಮನೆಗೆ ಹೆಂಚು ತೆಗೆದು ತಾರಸಿ ಹಾಕಿದ್ದರಿಂದ ಮೇಲಿನಿಂದ ಗಾಳಿ ಬರುವ ಮಾತೇ ಇರಲಿಲ್ಲ. ಕ್ರಿಸ್‌ಮಸ್ ರಜೆ ಬರುವ ಹೊತ್ತಿಗೆ ನನ್ನ ಮಲಗುವ ಕೋಣೆಯೊಳಗೆ ಊದುಬತ್ತಿಯ ಹೊಗೆ ಗೆರೆ ಎಳೆದಂತೆ ನೆಟ್ಟಗೆ ಏರುತ್ತಿತ್ತು. ಅದನ್ನು ನೋಡಿ ಏನೋ ಗೆದ್ದಂತೆನಿಸಿತು. ರಜೆಗೆ ನನ್ನಣ್ಣ ಊರಿಗೆ ಕರೆದ. ಹೋಗಲಿಲ್ಲ.

ಸಂಕ್ರಾಂತಿಯ ಹಿಂದಿನ ಭಾನುವಾರ. ಕಾಫಿ ಕುಯಿಲು ಜೋರಾಗಿ ನಡೆದಿದ್ದ ಕಾಲ. ಕಣದಲ್ಲಿ ಹರಡಿದ ಹಣ್ಣಿನ ಹುಳಿವಾಸನೆ ಮಂಜಿನೊಳಗೆ ನಿಂತುಬಿಟ್ಟಿತ್ತು. ತಲೆಗೆ ಎಣ್ಣೆ ಹಚ್ಚಿಕೊಂಡು ಬಿಸಿಬಿಸಿ ನೀರು ಹುಯ್ದುಕೊಂಡೆ. ಊರಲ್ಲಾದರೆ ಅಂಗಳದ ಬಿಸಿಲಿಗೆ ಕೂದಲು ಹರಡಿ ಕೂರುತ್ತಿದ್ದೆ. ಇಲ್ಲಿ ಮಧ್ಯಾಹ್ನವಾದರೂ ಬಿಸಿಲಿಲ್ಲ. ಬಚ್ಚಲ ಒಲೆಯಲ್ಲಿ ಒಳ್ಳೆಯ ಕೆಂಡವಿತ್ತು. ಅಮ್ಮ ಮಾಡುತ್ತಿದ್ದಂತೆ ಅಗ್ಗಿಷ್ಟಿಕೆಗೆ ತುಂಬಿ, ಸಾಂಬ್ರಾಣಿ ಹಾಕಿ, ಕೋಣೆಯೊಳಗೆ ತಂದು ಬಾಗಿಲು ಹಾಕಿಕೊಂಡೆ. ಕೆಂಡದ ಮೇಲೆ ಬಿದಿರ ಬುಟ್ಟಿ ಕವುಚಿ, ಚಾಪೆಯ ಮೇಲೆ ಒರಗಿ ಕೂದಲನ್ನು ಅದರ ಮೇಲೆ ಹರಡಿದೆ.

ಕೋಣೆ ಬೆಚ್ಚಗಾಯಿತು. ಆ ಮನೆಗೆ ಬಂದ ಮೇಲೆ ಮೊದಲ ಸಲ ಪಾದ ಬೆಚ್ಚಗಾಯಿತು. ಸಾಂಬ್ರಾಣಿಯ ವಾಸನೆಗೆ ಅಮ್ಮನ ನೆನಪಾಗಿ, ತಲೆ ಒರೆಸುತ್ತಿದ್ದ ಅವಳ ಒರಟು ಕೈಯ ನೆನಪಾಗಿ, ಕಣ್ಣು ತುಂಬಿ ಬಂತು. ತಲೆ ಭಾರವಾಯಿತು. ಎಣ್ಣೆಸ್ನಾನ ಮಾಡಿದ ದಿನ ನಿದ್ದೆ ಬರುವುದು ಇದ್ದದ್ದೇ. ಮಲಗಿಬಿಟ್ಟೆ. ಫೋನ್ ಹೊಡೆದುಕೊಳ್ಳುತ್ತಿರುವುದು ಎಲ್ಲೋ ಬಾವಿಯೊಳಗಿಂದ ಕೇಳಿದಂತೆ ಕೇಳಿತು. ಏಳಬೇಕೆಂದುಕೊಂಡೆ. ಕೈ ಎತ್ತಿದೆನೆಂದೇ ತಿಳಿದಿದ್ದೆ, ಅದು ಎದ್ದಿರಲಿಲ್ಲ.

ಭಾನುವಾರಕ್ಕೊಮ್ಮೆ ಅಕ್ಕ ಫೋನ್ ಮಾಡುವುದು ರೂಢಿ. ಎತ್ತದಿದ್ದಾಗ ಅವಳು ಬಿಡದೆ ಮತ್ತೆ ಮತ್ತೆ ಮಾಡಿದ್ದಳು. ಗೋಡೆಯಾಚೆ ನೀಲಕ್ಕನಿಗೆ ಆ ಸದ್ದು ಕೇಳಿಸಿ, ಎಂತ ಇದು, ಟೀಚರ್ ಎಲ್ಲಿಗೆ ಹೋದರು ಎಂದು ಬಂದರಂತೆ. ಜಗುಲಿಯಲ್ಲಿ ನನ್ನ ಚಪ್ಪಲಿ ಇತ್ತು. ಮುಂಬಾಗಿಲಿಗೆ ಚಿಲಕ ಹಾಕಿರಲಿಲ್ಲ, ತಳ್ಳಿ ಒಳಗೆ ಬಂದರು. ಕೋಣೆಯ ಬಾಗಿಲು ಮಾತ್ರ ಸುಲಭಕ್ಕೆ ಬರಲಿಲ್ಲ. "ಒಳಗಿಂದ ಯಾರೋ ಒತ್ತಿ ಹಿಡಿದ ಹಾಗೆ ಆಯ್ತು," ಎಂದು ಆಮೇಲೆ ಹೇಳಿದರು. ನನ್ನ ಚೂರುಬಟ್ಟೆಯ ಕೊಳವೆ ಅಲ್ಲಿ ಸಿಕ್ಕಿಕೊಂಡಿತ್ತು. ಭುಜ ಕೊಟ್ಟು ಒತ್ತಿ ನುಗ್ಗಿ, ನನ್ನ ಎರಡೂ ಕೈ ಹಿಡಿದು ದರದರ ಎಳೆದು ಜಗುಲಿಗೆ ತಂದು ಹಾಕಿದರು.

ನನಗೆ ಎಚ್ಚರವಾದಾಗ ಮುಖದ ಮೇಲೆ ಗಾಳಿ ಬೀಸುತ್ತಿತ್ತು. ಸಿಮೆಂಟಿನ ನೆಲ ಐಸಿನಂತಿತ್ತು. ತಲೆ ಸೀಳಿಹೋಗುತ್ತಿತ್ತು.

"ಉಸಿರು ಎಳಿ! ಎಳಿ ಅಂತ ಹೇಳ್ತಾ ಇದ್ದೇನೆ! ಕಣ್ಣು ಮುಚ್ಚಬಾರದು, ನನ್ನ ನೋಡು!" ನೀಲಕ್ಕ ಕೆನ್ನೆಗೆ ತಟ್ಟುತ್ತಿದ್ದರು. ಬಹುವಚನ ಬಿಟ್ಟುಹೋಗಿತ್ತು. ನಾನು ಅವರ ಸ್ವೆಟರಿನ ಮೇಲೇ ವಾಂತಿ ಮಾಡಿಕೊಂಡೆ. ಅವರು ಒರೆಸಿಕೊಳ್ಳಲೂ ಇಲ್ಲ. ತೋಟದ ಡ್ರೈವರನ್ನು ಕೂಗಿ ಜೀಪು ತರಿಸಿ, ದಾರಿಯುದ್ದಕ್ಕೂ ನನ್ನ ತಲೆಯನ್ನು ಕಿಟಕಿಯ ಕಡೆ ತಿರುಗಿಸಿ ಹಿಡಿದಿದ್ದರು. "ಮೇಲೆ ಹಿಮದಲ್ಲಿ ನಮ್ಮ ಜವಾನರು ಟೆಂಟಿನೊಳಗೆ ಒಲೆ ಇಟ್ಟು ಮಲಗ್ತಾ ಇದ್ದರು. ಬೆಳಿಗ್ಗೆ ಎಬ್ಬಿಸಲಿಕ್ಕೆ ಹೋದರೆ ಎದ್ದೇಳುದಿಲ್ಲ. ಚಿಕ್ಕಚಿಕ್ಕ ಹುಡುಗರು. ಕೆಂಡದ ಗಾಳಿ ಅದು, ವಾಸನೆಯೂ ಇಲ್ಲ, ಎಂತದೂ ಇಲ್ಲ," ಎಂದು ಯಾರಿಗೋ ಬೈಯುವ ಹಾಗೆ ಹೇಳುತ್ತಲೇ ಇದ್ದರು.

ಆಸ್ಪತ್ರೆಯಲ್ಲಿ ಮುಖಕ್ಕೆ ಆಮ್ಲಜನಕದ ಮಾಸ್ಕ್ ಹಾಕಿ ಮಲಗಿಸಿದರು. ಮರುದಿನ ತಲೆನೋವು ಇಳಿದ ಮೇಲೆ ಡಾಕ್ಟರು ಬಂದು ಕುರ್ಚಿ ಎಳೆದುಕೊಂಡು ಕೂತರು. ಚಿಕ್ಕ ವಯಸ್ಸಿನವರು, ಮಾತು ಮೆದು.

"ಮೇಡಂ, ಮನೇಲಿ ಏನಾದರೂ ತೊಂದರೆ ಇದೆಯಾ?"

"ಇಲ್ಲ."

"ಒಬ್ಬರೇ ಇರೋದು ಅಲ್ವಾ? ಯಜಮಾನರು..."

ಅವರ ದನಿ ಎಲ್ಲಿಗೆ ಹೋಗುತ್ತಿದೆಯೆಂದು ಆಗ ಹೊಳೆಯಿತು. ಅವರು ಎದ್ದುಹೋದ ಮೇಲೆ ಪೊಲೀಸ್ ಹೆಂಗಸೊಬ್ಬಳು ಬಂದಳು. ಇಂಥ ಕೇಸು ಬಂದರೆ ಹೇಳಿಕೆ ಪಡೆಯಲೇಬೇಕಂತೆ.

"ಬಾಗಿಲ ಸಂದಿಗೆ ಬಟ್ಟೆ ಹಾಕಿದ್ದು ಯಾರು ಮೇಡಂ?"

"ನಾನೇ."

"ಕಿಟಕಿಗೆ?"

"ನಾನೇ."

"ಯಾಕೆ?"

"ಚಳಿ ಆಗ್ತಿತ್ತು."

ಅವಳು ಬರೆಯಲಿಲ್ಲ. ಪೆನ್ನು ಹಿಡಿದು ನನ್ನನ್ನೇ ನೋಡಿದಳು. ನಿಜವೇ ಆದರೂ ಆ ಮಾತು ನನ್ನ ಕಿವಿಗೇ ಸುಳ್ಳಿನಂತೆ ಕೇಳಿಸಿತು. ಗಂಡನನ್ನು ಬಿಟ್ಟವಳು, ಪರಊರು, ಒಂಟಿ ಮನೆ, ಸಂದಿ ಬಿಡದೆ ಮುಚ್ಚಿದ ಕೋಣೆ. ಹೊರಗಿನಿಂದ ನೋಡಿದವರು ಬೇರೆ ಏನೆಂದುಕೊಳ್ಳಲು ಸಾಧ್ಯ? ಇನ್ನೊಬ್ಬಳ ಬಗ್ಗೆ ಹೀಗೆ ಕೇಳಿದ್ದರೆ ನಾನೂ ಅದನ್ನೇ ಅಂದುಕೊಳ್ಳುತ್ತಿದ್ದೆ.

ಮೂಲೆಯಲ್ಲಿ ಕೂತಿದ್ದ ನೀಲಕ್ಕ ಎದ್ದು ಬಂದರು.

"ನೋಡಿ ಅಮ್ಮ, ಇವರ ಅಡುಗೆಮನೆಗೆ ನಾನು ಹೋಗಿ ಬಂದೆ. ಒಂದು ದೊಡ್ಡ ಪಾತ್ರೆ ತುಂಬ ಅವರೆಕಾಳು ನೆನೆಹಾಕಿ ಉಂಟು. ಪಕ್ಕದಲ್ಲಿ ಕಾಯಿ ತುರಿದು ಮುಚ್ಚಿಟ್ಟು ಉಂಟು. ಸಾಯಲಿಕ್ಕೆ ಹೋಗುವವರು ಇಷ್ಟು ಕಷ್ಟ ಪಡ್ತಾರಾ?"

ಪೊಲೀಸ್ ಹೆಂಗಸಿನ ಮುಖ ಸಡಿಲವಾಯಿತು. "ಹಿತಕಿದವರೆ ಸಾರಿಗಾ ಮೇಡಂ?" ಎಂದಳು.

"ಹೂಂ."

"ನಮ್ಮ ಮೈಸೂರು ಕಡೇಲೂ ಈಗ ಅದೇ," ಎಂದು ಬರೆದುಕೊಂಡಳು. ಅವಳು ತೋರಿಸಿದ ಕಡೆ ಸಹಿ ಮಾಡಿದೆ.

ಅಣ್ಣ ಬಂದವನು ಮೊದಲು ಬೈದ, ಆಮೇಲೆ ಕಾರಿಡಾರಿನಲ್ಲಿ ಗೋಡೆಗೆ ಮುಖ ಮಾಡಿ ನಿಂತ. "ನಡಿ ಸುಮ ಮನೆಗೆ. ಕೆಲ್ಸವೂ ಬ್ಯಾಡ ಏನೂ ಬ್ಯಾಡ. ನಿಂಗೇನ್ ಕಡಿಮೆ ಮಾಡಿದ್ವಿ ಹೇಳು?" ಎಂದ. ಅವನೂ ನಂಬಿರಲಿಲ್ಲ. ಅತ್ತಿಗೆಯಿಂದ ಹಿಡಿದು ಪಕ್ಕದ ಹೊಲದವರ ತನಕ ಎಲ್ಲರಿಗೂ ಹೇಳಬೇಕಾಗುತ್ತದೆ, ಚಳಿ ಆಗ್ತಿತ್ತು ಎಂದು. ಅಷ್ಟು ಸಲ ಹೇಳುವ ಶಕ್ತಿ ನನ್ನಲ್ಲಿರಲಿಲ್ಲ. ಇಲ್ಲೇ ಇರುತ್ತೇನೆಂದೆ. ಅಣ್ಣ ನೀಲಕ್ಕನ ಕೈ ಹಿಡಿದು ಏನೋ ಹೇಳಿ ಹೋದ.

ಮನೆಗೆ ಬಂದಾಗ ಗವಾಕ್ಷಿಯ ಕಾಗದವನ್ನೆಲ್ಲ ಯಾರೋ ಕಿತ್ತಿದ್ದರು. ಅಗ್ಗಿಷ್ಟಿಕೆ ಕಾಣಲಿಲ್ಲ. ಮುಂಬಾಗಿಲಿಗೆ ಬಡಗಿ ಹೊಸ ಹೊಸ್ತಿಲು ಕೂರಿಸುತ್ತಿದ್ದ. ಪಕ್ಕದಲ್ಲಿ ನಿಂತು ನೀಲಕ್ಕ, "ಅಡಿಯಿಂದ ಚಳಿ ಬರುದು ಬೇಡ. ಮೇಲಿನಿಂದ ಗಾಳಿ ಬರ್ಲಿ," ಎಂದರು. ಮಂಚದ ಮೇಲೆ ಮಿಲಿಟರಿ ಕಂಬಳಿಯೊಂದು ಮಡಚಿಟ್ಟಿತ್ತು. ನೆನೆದ ಅವರೆಕಾಳು ಹುಳಿತು ನಾರುತ್ತಿತ್ತು. ಅದನ್ನು ತೋಟದ ಗೊಬ್ಬರಗುಂಡಿಗೆ ಚೆಲ್ಲಿದೆ.

ಮುಂದಿನ ದಿನಗಳು ಚಳಿಗಿಂತ ಕಷ್ಟದವು. ನಾನು ಸ್ಟಾಫ್ ರೂಮಿಗೆ ಕಾಲಿಟ್ಟರೆ ಮಾತು ನಿಲ್ಲುತ್ತಿತ್ತು. ನಿಂತ ಮಾತು ಒಂದು ಗಳಿಗೆ ಬಿಟ್ಟು, ಬೇರೆಯದಾಗಿ, ಬಹಳ ಉತ್ಸಾಹದಿಂದ ಶುರುವಾಗುತ್ತಿತ್ತು. ಹೆಡ್‌ಮಾಸ್ಟರು ನನ್ನ ಪೀರಿಯಡ್‌ಗಳನ್ನು ಕಡಿಮೆ ಮಾಡಿದರು. ಬೇಡವೆಂದರೂ ಕೇಳಲಿಲ್ಲ. ಮೊದಲು ತರಗತಿಯಲ್ಲಿ ಗಲಾಟೆ ಮಾಡುತ್ತಿದ್ದ ಮಕ್ಕಳು ಗಪ್ಪಾಗಿ ಕೂರುತ್ತಿದ್ದರು. ಅವರಿಗೂ ಯಾರೋ ಹೇಳಿದ್ದಿರಬೇಕು. ಎಲ್ಲರೂ ಒಳ್ಳೆಯವರಾಗಿದ್ದರು. ಒಬ್ಬರೂ ನನ್ನ ಜೊತೆ ಮೊದಲಿನ ಹಾಗೆ ಇರಲಿಲ್ಲ. ಒಂಟಿಯಾಗಿರುವುದು ನನಗೆ ಅಭ್ಯಾಸವಾಗಿತ್ತು. ಎಲ್ಲರ ಕಣ್ಣೂ ನನ್ನ ಮೇಲಿದ್ದು ಒಂಟಿಯಾಗಿರುವುದು ಹೊಸದು.

ನೀಲಕ್ಕ ಮಾತ್ರ ನನ್ನನ್ನು ಏನೂ ಕೇಳಲಿಲ್ಲ. ಸಂಜೆ ಗೋಡೆಯ ಮೇಲೆ ಗೆಣ್ಣಿನಿಂದ ಕುಟ್ಟಿ, "ಟೀಚರೇ, ಇದ್ದೀರಾ?" ಎನ್ನುತ್ತಿದ್ದರು. ಮತ್ತೆ ಬಹುವಚನ ಬಂದಿತ್ತು. "ಇದ್ದೀನಿ ನೀಲಕ್ಕ," ಎಂದರೆ ಮುಗಿಯಿತು. ಒಂದು ದಿನ ನಾನೇ ಅವರ ಮನೆಗೆ ಹೋದೆ. ಅಕ್ಕಿ ಒಟ್ಟಿ, ಅವರ ಕಡೆಯ ರೊಟ್ಟಿ, ತಟ್ಟುತ್ತಿದ್ದರು. ತಡೆಯಲಾಗದೆ ಕೇಳಿದೆ:

"ಅವತ್ತು ಪೊಲೀಸರಿಗೆ ಹೇಳಿದ್ರಲ್ಲ, ನೀವು ನಿಜವಾಗಿ ನಂಬಿದ್ರಾ?"

ಅವರು ಕೈ ನಿಲ್ಲಿಸಲಿಲ್ಲ. "ಸಾಯಬೇಕು ಅಂತ ನೀವು ಕೋಣೆ ಮುಚ್ಚಲಿಲ್ಲ. ಅದು ನನಗೆ ಗೊತ್ತುಂಟು," ಎಂದರು. ಒಟ್ಟಿಯನ್ನು ಕಾವಲಿಗೆ ಹಾಕಿದರು. "ಯಾರೂ ಬರೂದು ಬೇಡ ಅಂತ ಮುಚ್ಚಿದ್ದು. ನಾನೂ ಹಾಗೆ ಇದ್ದವಳೇ. ರಿಟೈರ್ ಆಗಿ ಬಂದ ವರ್ಷ ಅಣ್ಣನ ಮನೆಯವರು ಬಂದರೂ ಬಾಗಿಲು ತೆಗೀತಾ ಇರಲಿಲ್ಲ."

"ಆಮೇಲೆ?"

"ಆಮೇಲೆ ಎಂತದೂ ಇಲ್ಲ. ಅವರು ಬರುದು ನಿಲ್ಲಿಸಿದರು." ಒಟ್ಟಿಯನ್ನು ಮಗುಚಿ ಹಾಕಿ, "ಕೂತ್ಕೊಳ್ಳಿ. ಬಿಸಿ ಇರುವಾಗ ತಿನ್ನಿ," ಎಂದರು.

ನಾವು ಗೆಳತಿಯರೇನೂ ಆಗಲಿಲ್ಲ. ವಾರಕ್ಕೊಮ್ಮೆ ಅವರಲ್ಲಿ ಉಣ್ಣುವುದು, ಒಮ್ಮೆ ಅವರು ನನ್ನಲ್ಲಿ. ಹಿತಕಿದವರೆ ಅವರಿಗೆ ಅಷ್ಟಾಗಿ ಹಿಡಿಸಲಿಲ್ಲ. ಉಂಡೆದ್ದು ಅವರವರ ಬಾಗಿಲು ಹಾಕಿಕೊಳ್ಳುತ್ತಿದ್ದೆವು.

ಮಾರ್ಚಿನಲ್ಲಿ ಎರಡು ಮಳೆ ಬಿದ್ದು ಕಾಫಿ ಹೂವಾಯಿತು. ಇಡೀ ಇಳಿಜಾರು ಬೆಳ್ಳಗೆ. ಅಂಥದೊಂದು ಸಂಜೆ ರಘು ಅವರ ಫೋನ್ ಬಂತು. ಬೇರೆಯಾದ ಮೇಲೆ ಅವರ ದನಿ ಕೇಳಿದ್ದು ಅದೇ ಮೊದಲು. ಯಾರ ಮೂಲಕವೋ, ಎಷ್ಟೋ ತಡವಾಗಿ ಅವರಿಗೆ ಸುದ್ದಿ ಮುಟ್ಟಿತ್ತು.

"ಹುಷಾರಾಗಿದ್ದೀಯಾ?"

"ಇದ್ದೀನಿ."

"ಸುಮ, ಅದು... ನನ್ನಿಂದ ಏನಾದ್ರೂ..."

ಅವರಿಗೂ ನಾನು ಅದೇ ಮಾತು ಹೇಳಬೇಕಾಯಿತು. "ಅಲ್ಲ. ಚಳಿ ಆಗ್ತಿತ್ತು. ಅಷ್ಟೇ."

ಅವರು ಕೇಳಿದರು, "ಇಲ್ಲಿದ್ದಾಗಲೂ ನಿನಗೆ ಚಳಿ ಆಗ್ತಿತ್ತಾ? ನೀನು ಯಾವತ್ತೂ ಹೇಳಲಿಲ್ಲ."

ಅವರು ನನ್ನ ಮಾತನ್ನು ನಂಬಿದ್ದರು. ಇಷ್ಟು ಜನರಲ್ಲಿ, ಅನುಮಾನಿಸದೆ, ಹೇಳಿದ್ದನ್ನು ಹೇಳಿದ ಹಾಗೆಯೇ ನಂಬಿದವರು ಅವರೊಬ್ಬರೇ.

"ಒಂದು ಹೀಟರ್ ಕಳಿಸ್ಲಾ?" ಎಂದರು.

"ಬೇಡ. ಇನ್ನೇನು ಬೇಸಿಗೆ ಬಂತು."

"ಹೌದಲ್ಲ," ಎಂದರು. ಇಬ್ಬರಲ್ಲಿ ಯಾರು ಮೊದಲು ಫೋನ್ ಇಟ್ಟದ್ದೋ ನೆನಪಿಲ್ಲ.

ಮಂಚದ ಮೇಲೆ ಕೂತು ಅತ್ತೆ. ಕೋರ್ಟಿನಲ್ಲಿ ಅಳು ಬಂದಿರಲಿಲ್ಲ, ಆಸ್ಪತ್ರೆಯಲ್ಲಿ ಬಂದಿರಲಿಲ್ಲ. ಈಗ ದನಿ ತೆಗೆದು, ಸಣ್ಣ ಹುಡುಗಿಯ ಹಾಗೆ ಅತ್ತೆ. ಗೋಡೆಯಾಚೆ ನೀಲಕ್ಕನ ಟಿವಿಯಲ್ಲಿ ವಾರ್ತೆ ಬರುತ್ತಿತ್ತು. ಅದರ ಸದ್ದು ಒಮ್ಮೆಲೇ ತಗ್ಗಿತು. ಅವರು ಬಂದು ಬಾಗಿಲು ತಟ್ಟಲಿಲ್ಲ, ಕೂಗಿ ಕೇಳಲಿಲ್ಲ. ನನ್ನ ಅಳು ನಿಲ್ಲುವ ತನಕ ಮತ್ತೆ ಸದ್ದು ಏರಿಸಲೂ ಇಲ್ಲ.